100 ಎಂಬಿಪಿಎಸ್ ಇದ್ದರೂ ಮ್ಯಾಚ್ ಯಾಕೆ ಸುತ್ತುತ್ತದೆ?

ಪ್ರಶ್ನೆ: ಸರ್, ನಮ್ಮದು ಕೋಲಾರದ ಕೋಟೆ ಕಡೆ ಹಳೇ ಕಲ್ಲಿನ ಮನೆ. ಫೈಬರ್ ಕನೆಕ್ಷನ್ ಇದೆ, 100 ಎಂಬಿಪಿಎಸ್ ಪ್ಲ್ಯಾನ್. ನನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆ ತೋರಿಸುತ್ತದೆ. ಟಿವಿಯಲ್ಲಿ ಸಿನಿಮಾ ಹಾಕಿದರೆ ಚೆನ್ನಾಗಿ ಓಡುತ್ತದೆ. ಆದರೆ ಸಂಜೆ ನಮ್ಮ ಮಾವ ಮ್ಯಾಚ್ ಲೈವ್ ಹಾಕಿದರೆ ಐದೈದು ನಿಮಿಷಕ್ಕೆ ಚಕ್ರ ಸುತ್ತುತ್ತದೆ, ಇಲ್ಲಾ ಚಿತ್ರ ಮಸುಕಾಗುತ್ತದೆ. ಪಕ್ಕದ ಮನೆಯವರು ವಿಕೆಟ್ ಬಿತ್ತು ಅಂತ ಕೂಗಿ ಅರ್ಧ ನಿಮಿಷ ಆದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನೆ. ಮನೆಯಲ್ಲಿ ಎರಡು ವೈಫೈ ಕ್ಯಾಮೆರಾ ಇವೆ, ನಮ್ಮ ಯಜಮಾನರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಕನೆಕ್ಷನ್ ಕೊಟ್ಟವರು 200ರ ಪ್ಲ್ಯಾನ್‌ಗೆ ಹೋಗಿ ಅನ್ನುತ್ತಾರೆ. ಹೋಗಲಾ?

ಉತ್ತರ: ಬೇಡ ಮೇಡಂ. ಸದ್ಯಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ.

ಲೆಕ್ಕ ನೋಡಿ. 1080ಪಿ ವಿಡಿಯೊ ನೋಡಲು 5 ಎಂಬಿಪಿಎಸ್ ಸಾಕು ಎಂದು ಯೂಟ್ಯೂಬ್‌ನವರೇ ಹೇಳುತ್ತಾರೆ. 4ಕೆ ನೋಡುವವರಿಗೂ 20 ಸಾಕು. ನಿಮ್ಮ ಯಜಮಾನರ ವಿಡಿಯೊ ಕಾಲ್, ಕ್ಯಾಮೆರಾಗಳು, ಮಕ್ಕಳ ಫೋನು ಎಲ್ಲ ಸೇರಿಸಿದರೂ 100ರಲ್ಲಿ ಅರ್ಧ ಖರ್ಚಾಗುವುದು ಕಷ್ಟ. 100ರಲ್ಲಿ 5 ಸಿಗದವರಿಗೆ 200ರಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದು ಸೋರುತ್ತಿರುವುದು ಬೇರೆ ಎಲ್ಲೋ.

ಸಿನಿಮಾ ಓಡುತ್ತದೆ, ಮ್ಯಾಚ್ ಓಡುವುದಿಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು. ನಮ್ಮೂರಿನವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ, ಆಮೇಲೆ ನಲ್ಲಿ ನಿಂತರೂ ಮನೆಯೊಳಗೆ ಯಾರಿಗೂ ಗೊತ್ತಾಗುವುದಿಲ್ಲ. ಸಿನಿಮಾ ಅಂದರೆ ಸಂಪಿರುವ ಮನೆ. ಇಡೀ ಸಿನಿಮಾ ಮೊದಲೇ ಅಲ್ಲಿ ರೆಡಿ ಇರುತ್ತದೆ, ಹಾಗಾಗಿ ನೀವು ನೋಡುತ್ತಿರುವ ಜಾಗಕ್ಕಿಂತ ಒಂದು ನಿಮಿಷವೋ ಇನ್ನೂ ಜಾಸ್ತಿಯೋ ಮುಂದಿನದನ್ನು ಟಿವಿ ತುಂಬಿಸಿಟ್ಟುಕೊಳ್ಳುತ್ತದೆ. ನಡುವೆ ನೆಟ್ ಹತ್ತು ಸೆಕೆಂಡ್ ಹೋಗಿ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಮ್ಯಾಚ್ ಹಾಗಲ್ಲ. ಇನ್ನೂ ಹಾಕದ ಬಾಲ್ ಅನ್ನು ಯಾರು ತುಂಬಿಸಿಡುತ್ತಾರೆ? ಲೈವ್ ವಿಡಿಯೊವನ್ನು ಎರಡರಿಂದ ಆರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಟಿವಿ ಅಂಥ ಎರಡು ಮೂರು ತುಂಡು ಮಾತ್ರ ಕೈಯಲ್ಲಿ ಇಟ್ಟುಕೊಂಡಿರುತ್ತದೆ. ಸಂಪಿಲ್ಲ, ಒಂದು ಕೊಡ ಅಷ್ಟೇ. ನಲ್ಲಿ ಒಂದು ಗಳಿಗೆ ನಿಂತರೂ ಕೊಡ ಖಾಲಿ, ಚಕ್ರ ಶುರು.

ಅಂದರೆ ನಿಮ್ಮ ನೆಟ್ ನಿಧಾನ ಇಲ್ಲ, ತಡವರಿಸುತ್ತಿದೆ. ಸ್ಪೀಡ್ ಟೆಸ್ಟ್ ಇದನ್ನು ಹಿಡಿಯುವುದಿಲ್ಲ. ಅದು ಕೆಲವೇ ಸೆಕೆಂಡ್ ಎಳೆದು ಸರಾಸರಿ ಹೇಳಿ ಮುಗಿಸುತ್ತದೆ, ನಡುವೆ ಎಲ್ಲಿ ನಿಂತಿತು ಅಂತ ಹೇಳುವುದಿಲ್ಲ. ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ: ನೀವು ಟೆಸ್ಟ್ ಮಾಡಿದ್ದು ಫೋನಿನಲ್ಲಿ, ಬಹುಶಃ ರೂಟರ್ ಪಕ್ಕ ನಿಂತುಕೊಂಡು. ಮಾವ ಮ್ಯಾಚ್ ನೋಡುವುದು ಹಾಲಿನಲ್ಲಿರುವ ಟಿವಿಯಲ್ಲಿ. ಸಂಪಿನ ಹತ್ತಿರ ನಿಂತು ಮಹಡಿ ನಲ್ಲಿಯ ನೀರು ಅಳೆದ ಹಾಗಾಯಿತು.

ಈಗ ಎಲ್ಲಿ ತಡವರಿಸುತ್ತಿದೆ ಎಂದು ಹುಡುಕಬೇಕು. ಟಿವಿಯಿಂದ ರೂಟರ್‌ವರೆಗೆ ಗಾಳಿಯಲ್ಲಿ ಒಂದು ದಾರಿ. ರೂಟರ್‌ನಿಂದ ಕಂಬದ ಮೇಲಿನ ಫೈಬರ್ ಹಿಡಿದು ಆಪರೇಟರ್ ಆಫೀಸಿಗೆ ಒಂದು ದಾರಿ. ಅಲ್ಲಿಂದ ಬೆಂಗಳೂರು, ಆಮೇಲೆ ಆ್ಯಪ್‌ನವರ ಸರ್ವರ್. ಈ ದಾರಿಯನ್ನು ಮಧ್ಯಕ್ಕೆ ಕತ್ತರಿಸಿ ನೋಡುವ ಒಂದು ಪರೀಕ್ಷೆ ಇದೆ. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಹತ್ತು ಹದಿನೈದು ಮೀಟರ್ ಲ್ಯಾನ್ ಕೇಬಲ್ ತನ್ನಿ. ಕ್ಯಾಟ್ 6 ಎಂದು ಕೇಳಿ, ಎರಡು ತುದಿಗೂ ಕನೆಕ್ಟರ್ ಹಾಕಿದ್ದೇ ಸಿಗುತ್ತದೆ. ಕೆಲವು ನೂರು ರೂಪಾಯಿಯ ಮಾತು. ಒಂದು ತುದಿ ರೂಟರ್‌ಗೆ, ಇನ್ನೊಂದು ಟಿವಿ ಹಿಂದೆ ಇರುವ ಲ್ಯಾನ್ ತೂತಿಗೆ ಚುಚ್ಚಿ. ಟಿವಿ ಸೆಟ್ಟಿಂಗ್‌ನಲ್ಲಿ ವೈಫೈ ಆಫ್ ಮಾಡಿ. ಟಿವಿಗೆ ಆ ತೂತೇ ಇಲ್ಲದಿದ್ದರೆ ಲ್ಯಾಪ್‌ಟಾಪ್‌ಗೆ ಹಾಕಿ, ಅದರಲ್ಲೇ ಮ್ಯಾಚ್ ಓಡಿಸಿ. ಒಂದು ಸಂಜೆ ವೈರ್ ಮನೆ ತುಂಬ ಹರಡಿಕೊಂಡಿರಲಿ, ಎಡವದ ಹಾಗೆ ಗೋಡೆ ಬದಿಗೆ ಬಿಟ್ಟರೆ ಆಯಿತು. ಏಳೂವರೆಗೆ ಮ್ಯಾಚ್ ಶುರುವಾದರೆ ಹತ್ತರವರೆಗೂ ನೋಡಿ, ಐದು ನಿಮಿಷ ನೋಡಿ ತೀರ್ಮಾನ ಮಾಡಬೇಡಿ. ಎಷ್ಟೋ ಟಿವಿಗಳಲ್ಲಿ ಆ ತೂತು 100 ಎಂಬಿಪಿಎಸ್‌ನದ್ದೇ ಆಗಿರುತ್ತದೆ, 94, 95ರ ಮೇಲೆ ಏರುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮಗೆ ಬೇಕಿರುವುದು 5.

ವೈರಿನಲ್ಲಿ ಸಲೀಸಾಗಿ ಓಡಿದರೆ ಹೊರಗಿನವರದ್ದೇನೂ ತಪ್ಪಿಲ್ಲ, ಗಲಾಟೆ ಮನೆಯೊಳಗಿನ ಗಾಳಿಯದ್ದು. ನಿಮ್ಮ ಮನೆ ಕಥೆ ಕೇಳಿದರೆ ನನಗೆ ಇದರ ಮೇಲೇ ಅನುಮಾನ ಜಾಸ್ತಿ. ಯಾಕೆ ಅಂದರೆ ಕಲ್ಲು.

ಕೋಟೆ, ಗಲ್‌ಪೇಟೆ ಕಡೆಯ ಹಳೇ ಮನೆಗಳಲ್ಲಿ ಸೈಜುಗಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ. ಬೇಸಿಗೆಯಲ್ಲಿ ತಣ್ಣಗಿರುತ್ತದೆ, ನಿಜ. ವೈಫೈಗೆ ಮಾತ್ರ ಅದು ಸಾಕ್ಷಾತ್ ಕೋಟೆಯೇ. ವೈಫೈಯಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಡ್ ಇರುತ್ತವೆ ಅಲ್ವಾ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋಲುತ್ತದೆ. ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಅದರಲ್ಲಿ ಜೀವ ಉಳಿದಿರುವುದಿಲ್ಲ. ಆಗ ಟಿವಿ ತಾನಾಗಿಯೇ 2.4ಕ್ಕೆ ಇಳಿಯುತ್ತದೆ. 2.4 ಗೋಡೆಯನ್ನು ಒಂದಿಷ್ಟು ದಾಟುತ್ತದೆ, ಆದರೆ ಅಲ್ಲಿ ಸಂತೆ. ಒಂದಕ್ಕೊಂದು ತಾಗದ ಚಾನೆಲ್ ಅಂತ ಇರುವುದೇ ಮೂರು, 1, 6 ಮತ್ತು 11. ನಿಮ್ಮ ಬೀದಿಯ ಇಪ್ಪತ್ತು ಮನೆಯ ರೂಟರ್, ಬ್ಲೂಟೂತ್, ನಿಮ್ಮ ಎರಡು ಕ್ಯಾಮೆರಾ, ಅಡುಗೆಮನೆಯ ಮೈಕ್ರೊವೇವ್ ಓವನ್ ಎಲ್ಲ ಅದೇ ಗಾಳಿಯಲ್ಲಿ ಕಿತ್ತಾಡುತ್ತವೆ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಇನ್ನೂ ಜೋರು. ಮಧ್ಯಾಹ್ನ ಸರಿ ಇದ್ದದ್ದು ರಾತ್ರಿ ಸುತ್ತುವುದಕ್ಕೆ ಇದೂ ಒಂದು ಕಾರಣ, ಬರೀ ಕಂಪನಿಯವರನ್ನೇ ಬೈಯುವ ಹಾಗಿಲ್ಲ.

ರೂಟರ್ ಎಲ್ಲಿದೆ ನೋಡಿ. ಕನೆಕ್ಷನ್ ಕೊಡಲು ಬಂದ ಹುಡುಗ ಕಂಬದಿಂದ ತಂದ ವೈರ್ ಎಲ್ಲಿಗೆ ಮುಟ್ಟಿತೋ ಅಲ್ಲೇ ಮೊಳೆ ಹೊಡೆದು ತೂಗುಹಾಕಿ ಹೋಗಿರುತ್ತಾನೆ. ಅದು ಮುಂಬಾಗಿಲ ಮೂಲೆಯೋ, ಅಟ್ಟವೋ, ಬೀರು ಹಿಂದೆಯೋ. ನನ್ನ ಮನೆಯಲ್ಲೇ ಹೀಗಾಗಿತ್ತು. ಊರವರ ಮನೆ ನೆಟ್ ರಿಪೇರಿ ಮಾಡುವ ನಾನು ನಮ್ಮ ಮನೆಯಲ್ಲಿ ಒಂದು ತಿಂಗಳು ಕಂಪನಿಯವರಿಗೆ ಫೋನ್ ಮಾಡಿ ಮಾಡಿ ಬೈದೆ. ಕೊನೆಗೆ ನೋಡಿದರೆ ರೂಟರ್ ಅಟ್ಟದಲ್ಲಿ ಹಿತ್ತಾಳೆ ಪಾತ್ರೆಗಳ ಹಿಂದೆ ಕೂತಿತ್ತು, ನಮ್ಮಮ್ಮ ಹಬ್ಬದ ಕೊಳಗ ಇಡಲು ಜಾಗ ಮಾಡುವಾಗ ಅದನ್ನು ಒಳಕ್ಕೆ ತಳ್ಳಿದ್ದರು. ಲೋಹ ವೈಫೈಯನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತದೆ. ಕಬ್ಬಿಣದ ಬೀರು, ಅದರ ಮೇಲಿನ ಕನ್ನಡಿ, ನೀರಿನ ಡ್ರಮ್ಮು, ಫ್ರಿಡ್ಜ್ ಯಾವುದೂ ರೂಟರ್‌ಗೂ ಟಿವಿಗೂ ನಡುವೆ ಇರಬಾರದು.

ಕಲ್ಲಿನ ಮನೆಯಲ್ಲಿ ಒಂದು ಉಪಾಯ ಇದೆ. ಗೋಡೆ ದಾಟಿಸಲು ಹೋಗಬೇಡಿ, ಬಾಗಿಲಿನಿಂದ ಹಾಯಿಸಿ. ರೂಟರ್ ಮತ್ತು ಟಿವಿ ನಡುವೆ ಒಂದು ಬಾಗಿಲು ನೇರವಾಗಿ ಸಿಗುವ ಹಾಗೆ, ಎದೆಯೆತ್ತರದಲ್ಲಿ ರೂಟರ್ ಇಡಿ. ನಡುಮನೆಯಲ್ಲಿ ಇಟ್ಟರೆ ಎಲ್ಲ ಕೋಣೆಗೂ ಬಾಗಿಲು ಸಿಗುತ್ತದೆ. ಆಮೇಲೆ ರೂಟರ್ ಸೆಟ್ಟಿಂಗ್‌ನಲ್ಲಿ ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರು ಕೊಡಿ, ಟಿವಿಯನ್ನು 5ರ ಹೆಸರಿಗೆ ಮಾತ್ರ ಸೇರಿಸಿ, ಹಳೆಯ ಹೆಸರನ್ನು ಟಿವಿಯಿಂದ ಅಳಿಸಿಬಿಡಿ. ಕ್ಯಾಮೆರಾಗಳು 2.4ರಲ್ಲೇ ಇರಲಿ. ಇಷ್ಟಕ್ಕೇ ಸರಿಹೋದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದು ಓದುವುದೂ ಬೇಡ.

ಸರಿಹೋಗದಿದ್ದರೆ ಅಂಗಡಿಯವರು ರಿಪೀಟರ್ ಕೊಡುತ್ತಾರೆ, ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಡಬ್ಬಿ. ತರಬೇಡಿ. ತಂದವರು ಅದನ್ನು ಇಡುವುದು ಎಲ್ಲಿ ಹೇಳಿ? ಟಿವಿ ಪಕ್ಕ. ಅಲ್ಲಿ ಸಿಗ್ನಲ್ ಮೊದಲೇ ಇಲ್ಲ, ಇಲ್ಲದ್ದನ್ನು ಅದು ಎಲ್ಲಿಂದ ಹೆಚ್ಚಿಸಬೇಕು? ನೀರಿಲ್ಲದ ಬೋರ್‌ವೆಲ್‌ಗೆ ದೊಡ್ಡ ಮೋಟಾರು ಇಳಿಸಿದ ಹಾಗೆ. ಸರಿಯಾದ ಜಾಗದಲ್ಲಿ ಇಟ್ಟರೂ ಕಡಿಮೆ ಬೆಲೆಯ ರಿಪೀಟರ್ ಒಂದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಮತ್ತೆ ಹೇಳಬೇಕು, ಅರ್ಧ ವೇಗ ಅಲ್ಲೇ ಹೋಯಿತು. ಅದರ ಬದಲು ಪರೀಕ್ಷೆಗೆ ತಂದ ಲ್ಯಾನ್ ಕೇಬಲ್ ಅನ್ನೇ ಗೋಡೆ ಬದಿಗೆ ಪಟ್ಟಿಯೊಳಗೆ ಹಾಕಿಸಿ ಟಿವಿಗೆ ಖಾಯಂ ಮಾಡಿಬಿಡಿ. ಇಷ್ಟು ವರ್ಷದಲ್ಲಿ ನಾನು ಕಲ್ಲಿನ ಮನೆಗಳಿಗೆ ಹೇಳುವ ಮೊದಲ ಮಾತೂ ಇದೇ, ಕೊನೆಯ ಮಾತೂ ಇದೇ. ಯಜಮಾನರ ಕೋಣೆಗೂ ಬೇಕಿದ್ದರೆ ಇನ್ನೊಂದು ವೈರ್ ಎಳೆದು ಅದರ ತುದಿಗೆ ಹಳೇ ರೂಟರ್ ಒಂದನ್ನು ಆಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ನೆಟ್ ಅನ್ನು ಅಲ್ಲೇ ವೈಫೈಯಾಗಿ ಹಂಚುವ ಡಬ್ಬಿ) ಮಾಡಿ ಕೂರಿಸಬಹುದು.

ಕ್ಯಾಮೆರಾ ಅಂದಿರಲ್ಲ, ಅದನ್ನು ಸ್ವಲ್ಪ ನೋಡೋಣ. ಅವು ಎಲ್ಲವನ್ನೂ ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುವ ಹಾಗೆ ಇಟ್ಟಿದ್ದೀರಾ, ಇಲ್ಲಾ ಯಾರಾದರೂ ಓಡಾಡಿದಾಗ ಮಾತ್ರನಾ? ಒಂದು ಕ್ಯಾಮೆರಾ 2 ಎಂಬಿಪಿಎಸ್ ಕಳಿಸುತ್ತದೆ ಅಂದುಕೊಳ್ಳಿ. ಎರಡು ಕ್ಯಾಮೆರಾ 24 ಗಂಟೆ ಕಳಿಸಿದರೆ ದಿನಕ್ಕೆ 43 ಜಿಬಿ, ತಿಂಗಳಿಗೆ ಸುಮಾರು 1300 ಜಿಬಿ. ನಾಲ್ಕು ಗಂಟೆಯ ಮ್ಯಾಚ್ ಪೂರ್ತಿ ನೋಡಿದರೂ ಖರ್ಚಾಗುವುದು 9 ಜಿಬಿ. ‘ಅನ್‌ಲಿಮಿಟೆಡ್’ ಎಂಬ ಎಷ್ಟೋ ಪ್ಲ್ಯಾನ್‌ಗಳಿಗೆ ತಿಂಗಳಿಗೆ 3300 ಜಿಬಿಯ ಹಾಗೆ ಒಂದು ಮಿತಿ ಇರುತ್ತದೆ, ಅದು ದಾಟಿದರೆ ವೇಗವನ್ನು ತೀರಾ ಇಳಿಸುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್ ಸಾಯುತ್ತದೆ ಎಂದು ಹೇಳುವವರ ಮನೆಯಲ್ಲಿ ನಾನು ಮೊದಲು ಎಣಿಸುವುದು ಕ್ಯಾಮೆರಾ. ಮೆಮೊರಿ ಕಾರ್ಡ್ ಹಾಕಿ, ಕ್ಲೌಡ್‌ಗೆ ಓಡಾಟ ಕಂಡಾಗ ಮಾತ್ರ ಕಳಿಸುವಂತೆ ಮಾಡಿ.

ಮೇಲಕ್ಕೆ ಹೋಗುವ ದಾರಿ (ಅಪ್‌ಲೋಡ್) ತುಂಬಿದರೆ ಕೆಳಕ್ಕೆ ಬರುವುದೂ (ಡೌನ್‌ಲೋಡ್) ತಡವರಿಸುತ್ತದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಟಿವಿ ಪ್ರತಿ ತುಂಡು ಬಂದಾಗಲೂ ‘ಬಂತು, ಮುಂದಿನದು ಕಳಿಸು’ ಎಂದು ಒಂದು ಸಣ್ಣ ಚೀಟಿ ಮೇಲಕ್ಕೆ ಕಳಿಸಬೇಕು. ಮದುವೆಯಿಂದ ವಾಪಸ್ ಬಂದಿದ್ದೀರಿ, ನಾಲ್ಕು ಜನರ ಫೋನೂ ವೈಫೈ ಸಿಕ್ಕಿದ ಕೂಡಲೇ ಫೋಟೊ ವಿಡಿಯೊ ಎಲ್ಲ ಬ್ಯಾಕಪ್ ಮಾಡಲು ಶುರು ಮಾಡಿವೆ ಅಂದುಕೊಳ್ಳಿ. ಎಪಿಎಂಸಿ ಗೇಟಿನಲ್ಲಿ ಟೊಮೆಟೊ ಲಾರಿಗಳು ಸಾಲುಗಟ್ಟಿದಾಗ ಹಿಂದೆ ಸ್ಕೂಟರಿನಲ್ಲಿ ಬರೀ ಚೀಟಿ ಹಿಡಿದು ನಿಂತವನ ಗತಿ ಏನು? ಅದೇ ಗತಿ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಮಾತ್ರ ನೋಡದೆ ಅಪ್‌ಲೋಡ್ ನಂಬರನ್ನೂ ನೋಡಿ. ಅದು 10ಕ್ಕಿಂತ ಕಡಿಮೆ ಇದ್ದರೆ ಈ ಸಮಸ್ಯೆ ಬೇಗ ಬರುತ್ತದೆ. ಬ್ಯಾಕಪ್ ಅನ್ನು ರಾತ್ರಿ ಮಲಗುವಾಗ ಹಾಕಿಕೊಳ್ಳಿ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಲ್ಯಾಪ್‌ಟಾಪ್‌ನಲ್ಲಿ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು) ಮಾಡಲು ಯಜಮಾನರಿಗೆ ಹೇಳಿ, ಅವರಿಗೆ ಗೊತ್ತಿರುತ್ತದೆ. ಮ್ಯಾಚ್ ಓಡುತ್ತಿರುವಾಗ, ಲ್ಯಾಪ್‌ಟಾಪ್ ಅನ್ನು ಟಿವಿ ಪಕ್ಕ ವೈಫೈಯಲ್ಲಿ ಇಟ್ಟುಕೊಂಡು, ಒಂದು ಕಿಟಕಿಯಲ್ಲಿ ರೂಟರ್‌ನ ಅಡ್ರೆಸ್, ಇನ್ನೊಂದರಲ್ಲಿ ಗೂಗಲ್ ಸರ್ವರ್‌ನ ಅಡ್ರೆಸ್ 8.8.8.8. ರೂಟರ್ ಅಡ್ರೆಸ್ ಡಬ್ಬಿಯ ಹಿಂದಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ 192.168.1.1. ರೂಟರ್‌ನಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಅದೇ ಆಗಾಗ 100, 200ಕ್ಕೆ ನೆಗೆಯುತ್ತಿದ್ದರೆ ವೈಫೈ ಕೆಟ್ಟಿದೆ. ರೂಟರ್ ಸರಿ ಇದ್ದು 8.8.8.8 ಮಾತ್ರ ನೆಗೆಯುತ್ತಿದ್ದರೆ ತೊಂದರೆ ಮನೆಯ ಆಚೆ, ಇಲ್ಲವೇ ಈಗ ಹೇಳಿದ ಲಾರಿ ಸಾಲು.

ಈಗ ವೈರ್ ಹಾಕಿದರೂ ಸುತ್ತುತ್ತಿದೆ ಅನ್ನೋಣ. ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗಿದರೆ ಫೈಬರ್‌ನಿಂದ ಬೆಳಕೇ ಬರುತ್ತಿಲ್ಲ, ಆದರೆ ನಿಮ್ಮದು ಪೂರ್ತಿ ಹೋಗುತ್ತಿಲ್ಲ, ಹಾಗಾಗಿ ಅಷ್ಟು ದೂರ ಹೋಗಿರಲಾರದು. ಬೆಳಕು ಸಣ್ಣಗಾಗಿರಬಹುದು. ಲೈನ್‌ಮನ್ ಬಂದಾಗ ಬೆಳಕಿನ ಪವರ್ ಎಷ್ಟು ಡಿಬಿಎಂ ಇದೆ ಎಂದು ಕೇಳಿ. ಮೈನಸ್ 15ರಿಂದ ಮೈನಸ್ 25ರ ಒಳಗಿದ್ದರೆ ಚೆನ್ನ, ಮೈನಸ್ 27 ದಾಟಿದರೆ ತಡವರಿಕೆ ಖಚಿತ. ಮೈನಸ್ ಮುಂದಿನ ನಂಬರ್ ದೊಡ್ಡದಾದಷ್ಟೂ ಬೆಳಕು ಕಮ್ಮಿ, ಇದರಲ್ಲಿ ಮೋಸ ಹೋಗಬೇಡಿ. ಫೈಬರ್ ಒಳಗೆ ಇರುವುದು ಗಾಜು. ಅದನ್ನು ಬಾಗಿಲ ಸಂದಿಯಲ್ಲಿ ಮಡಚಿ ಸಿಕ್ಕಿಸಿದರೆ, ಉಳಿದ ವೈರನ್ನು ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಿದರೆ ಬೆಳಕು ಆ ತಿರುವಿನಲ್ಲೇ ಸೋರುತ್ತದೆ. ಅಂತರಗಂಗೆ ಬೆಟ್ಟದ ಕಡೆಯ ಬೀದಿಗಳಲ್ಲಿ ಕೋತಿಗಳ ಕಾಟ ಬೇರೆ, ವೈರ್ ಹಿಡಿದು ಜೋತಾಡಿ ಹೋಗುತ್ತವೆ. ಅವುಗಳ ಮೇಲೆ ಎಲ್ಲಿ ಕಂಪ್ಲೇಂಟ್ ಕೊಡೋಣ.

ಬೆಳಕು ಸರಿ ಇದೆ, ವೈರ್ ಇದೆ, ಆದರೂ ರಾತ್ರಿ ಎಂಟರಿಂದ ಹನ್ನೊಂದು ಮಾತ್ರ ಸುತ್ತುತ್ತದೆ. ಆಗ ತಪ್ಪು ಆಪರೇಟರದ್ದು. ಆದರೆ ನಿಮ್ಮ ಬೀದಿಯ ಫೈಬರ್‌ನದ್ದಲ್ಲ. ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗೆ ಹಂಚಿರುತ್ತಾರೆ, ಆ ಎಳೆಯಲ್ಲಿ ಸುಮಾರು 2500 ಎಂಬಿಪಿಎಸ್ ಬರುತ್ತದೆ. 64 ಮನೆಯವರೂ ಒಟ್ಟಿಗೆ ಮ್ಯಾಚ್ ನೋಡಿದರೂ, ಮನೆಗೆ ಹತ್ತರ ಲೆಕ್ಕ ಹಿಡಿದರೂ 640. ಧಾರಾಳವಾಗಿ ಸಾಕು. ಕಮ್ಮಿ ಬೀಳುವುದು ಆಪರೇಟರ್ ಮೇಲಿನವರಿಂದ ಕೊಂಡುಕೊಂಡಿರುವ ಒಟ್ಟು ಬ್ಯಾಂಡ್‌ವಿಡ್ತ್. ಸಾವಿರ ಮನೆಗೆ ಮಾರಿ, ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದಿಲ್ಲ ಎಂಬ ಧೈರ್ಯದಲ್ಲಿ ಇರುತ್ತಾರೆ. ಆರ್‌ಸಿಬಿ ಮ್ಯಾಚಿನ ದಿನ ಆ ಧೈರ್ಯ ಕೈಕೊಡುತ್ತದೆ.

ಇದನ್ನು ಸಾಬೀತು ಮಾಡಲು ಒಂದು ವಾರ ಬರೆದಿಡಿ. ವೈರ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಬೆಳಿಗ್ಗೆ ಆರಕ್ಕೆ ಒಂದು ಟೆಸ್ಟ್, ರಾತ್ರಿ ಒಂಬತ್ತಕ್ಕೆ ಒಂದು. ಮಾಮೂಲಿ ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್ ಹುಡುಕುತ್ತದೆ, ಅದು ಎಷ್ಟೋ ಸಲ ಆಪರೇಟರ್ ಮನೆಯೊಳಗೇ ಇರುತ್ತದೆ, ಹಾಗಾಗಿ 90 ತೋರಿಸುವುದರಲ್ಲಿ ಆಶ್ಚರ್ಯ ಇಲ್ಲ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ. ಜೊತೆಗೆ, ಮ್ಯಾಚ್ ಸುತ್ತಿದ ಗಳಿಗೆಯಲ್ಲೇ ನಿಮ್ಮ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಮ್ಯಾಚ್ ಹಾಕಿ. ಅದರಲ್ಲೂ ಸುತ್ತಿದರೆ ಆ್ಯಪ್‌ನವರೇ ಒದ್ದಾಡುತ್ತಿದ್ದಾರೆ ಅಂತ. ಅವರಿಗೂ ಕಷ್ಟ ಕಮ್ಮಿ ಇಲ್ಲ. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದ್ದರು.

ತಪ್ಪು ಆಪರೇಟರದ್ದೇ ಎಂದಾದರೆ ಲೈನ್‌ಮನ್‌ಗೆ ಫೋನ್ ಮಾಡಿ ‘ನೆಟ್ ಸ್ಲೋ’ ಅನ್ನಬೇಡಿ, ಆತ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾನೆ. ಕಂಪನಿಯ ದೂರು ಕೇಂದ್ರಕ್ಕೇ ಹೇಳಿ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ತೆಗೆದುಕೊಳ್ಳಿ, ನಿಮ್ಮ ಒಂದು ವಾರದ ಪಟ್ಟಿ ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯಲ್ಲೇ ಅಪೀಲ್ ಹಾಕಬಹುದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ಅದಕ್ಕೊಂದು ವ್ಯವಸ್ಥೆ ಇಡಲೇಬೇಕು. ಡಾಕೆಟ್ ನಂಬರ್ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2 ಎಂಬಿಪಿಎಸ್ ಇದ್ದರೆ ಸಾಕು, 2023ರ ಜನವರಿಯಲ್ಲಿ 512 ಕೆಬಿಪಿಎಸ್‌ನಿಂದ ಅಷ್ಟಕ್ಕೆ ಏರಿಸಿದ್ದಾರೆ. ಹಾಗಾಗಿ ‘ಇದು ಬ್ರಾಡ್‌ಬ್ಯಾಂಡೇ ಅಲ್ಲ’ ಎಂದು ಜಗಳ ಆಡಬೇಡಿ, ಪ್ಲ್ಯಾನ್‌ನಲ್ಲಿ ಬರೆದದ್ದನ್ನು ಹಿಡಿದು ಮಾತಾಡಿ.

ಡಿಎನ್‌ಎಸ್ (ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸಿ ಅಂತ ಯಾರಾದರೂ ಹೇಳುತ್ತಾರೆ. ಪೇಜ್ ತೆರೆಯುವುದು ಒಂಚೂರು ಬೇಗ ಆಗಬಹುದು, ನಡುವೆ ಸುತ್ತುವುದಕ್ಕೆ ಅದರಿಂದ ಏನೂ ಆಗದು. ಸ್ಪೀಡ್ ಬೂಸ್ಟರ್ ಆ್ಯಪ್‌ಗಳು ಶುದ್ಧ ಮೋಸ. ಟಿವಿ ಐದಾರು ವರ್ಷ ಹಳೆಯದಾಗಿದ್ದು ಮೆಮೊರಿ ತುಂಬಿದ್ದರೆ ಬೇಡದ ಆ್ಯಪ್‌ಗಳನ್ನು ಅಳಿಸಿ, ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡಿ ಆನ್ ಮಾಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ಮಲಗುತ್ತದೆ ಅಷ್ಟೇ.

ಇನ್ನು ಪಕ್ಕದ ಮನೆಯವರ ಕೂಗು. ಅವರು ಡಿಶ್ಶೋ ಕೇಬಲ್ಲೋ ಹಾಕಿಸಿದ್ದಾರೆ. ನೆಟ್‌ನಲ್ಲಿ ಬರುವ ಲೈವ್ ಅನ್ನು ಕತ್ತರಿಸಬೇಕು, ಬೇರೆ ಬೇರೆ ಗುಣಮಟ್ಟಕ್ಕೆ ಇಳಿಸಬೇಕು, ಊರೂರ ಸರ್ವರ್‌ಗೆ ಹಂಚಬೇಕು, ಆಮೇಲೆ ನಿಮ್ಮ ಟಿವಿ ಎರಡು ಮೂರು ತುಂಡು ಕೂಡಿಟ್ಟುಕೊಂಡು ತೋರಿಸಬೇಕು. ಇಷ್ಟರಲ್ಲಿ ಇಪ್ಪತ್ತು ಮೂವತ್ತು ಸೆಕೆಂಡ್ ಹೋಗುತ್ತದೆ. ಇದಕ್ಕೂ ನಿಮ್ಮ ನೆಟ್‌ಗೂ ಸಂಬಂಧ ಇಲ್ಲ, ಲೈನು ಎಷ್ಟೇ ಚೆನ್ನಾಗಿರಲಿ ಇದ್ದೇ ಇರುತ್ತದೆ. ಆದರೆ ಪ್ರತಿ ಸಲ ಚಕ್ರ ಸುತ್ತಿದಾಗಲೂ ಟಿವಿ ಅಷ್ಟಷ್ಟೇ ಇನ್ನೂ ಹಿಂದೆ ಬೀಳುತ್ತದೆ, ಕೊನೆಕೊನೆಗೆ ಒಂದು ನಿಮಿಷವೂ ಆಗಬಹುದು. ತೆರೆಯ ಮೇಲೆ ‘ಲೈವ್’ ಎಂಬ ಬಟನ್ ಇರುತ್ತದೆ, ಸುತ್ತಿ ನಿಂತ ಮೇಲೆ ಅದನ್ನು ಒಮ್ಮೆ ಒತ್ತಲು ಮಾವನವರಿಗೆ ತೋರಿಸಿಕೊಡಿ. ಆ ಮೂವತ್ತು ಸೆಕೆಂಡೂ ಬೇಡ ಅಂದರೆ ಮ್ಯಾಚಿನ ತಿಂಗಳುಗಳಿಗೆ ಕೇಬಲ್ ಹಾಕಿಸಿಕೊಡಿ. 200ರ ಪ್ಲ್ಯಾನ್‌ಗೆ ಕೊಡಲು ಇಟ್ಟಿದ್ದ ದುಡ್ಡು ಅದಕ್ಕೆ ಆಗುತ್ತದೆ.